ರೇಡಿಯೋಗೆ ಎಷ್ಟು ವಯಸ್ಸು?

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದು ಎಂದು ಹಿಂದಿನವರು ಹೇಳುತ್ತಿದ್ದರು. ರೇಡಿಯೋದ ವಯಸ್ಸು ಕೇಳುವುದಕ್ಕೆ ಅಂಥ ಅಡ್ಡಿಯೇನೂ ಇಲ್ಲ. ಕೇಳುವ ಕ್ರಮ ಗೊತ್ತಿದ್ದರೆ ಅದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ವಯರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು, ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಬೇಕು, ಜೇಡರ ಬಲೆ ತೆಗೆಯಬೇಕು, ಒಳಗಿನ ತಗಡನ್ನು ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಬೇಕು. ಆಗ ಟಾರ್ಚಿನ ಬೆಳಕಿನಲ್ಲಿ ಒಂದು ಸಾಲು ಅಂಕೆಗಳು ಕಾಣುತ್ತವೆ. ಅದೇ ಅದರ ಜಾತಕ.

ಜಾತಕ ಸಿಕ್ಕಿದ ಮೇಲೆ ಅದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಹೇಳಲೇಬೇಕೇ ಎಂಬ ಪ್ರಶ್ನೆಗಳು ಏಳುತ್ತವೆ. ಅಂಕೆ ಓದುವುದು ಕಷ್ಟವಲ್ಲ, ಒಂದು ವರ್ಷ ಮನಸ್ಸಿಟ್ಟರೆ ಯಾರಿಗಾದರೂ ಬರುತ್ತದೆ. ಈ ಪ್ರಶ್ನೆಗಳು ಮಾತ್ರ ಇಪ್ಪತ್ತು ವರ್ಷಗಳಿಂದ ನನ್ನ ಜೊತೆಗಿವೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಕಲಿಸುವ ಟೀಚರು. ಬಿ.ಎ., ಬಿ.ಎಡ್. ಓದಿದವಳಿಗೆ ವಾಲ್ವು, ಕೆಪಾಸಿಟರುಗಳ ಸಹವಾಸ ಯಾಕೆ ಎಂದು ಕೇಳುವವರಿದ್ದಾರೆ. ಚರಿತ್ರೆ ಕಲಿಸುವವರಿಗೆ ಇಸವಿಯ ಚಟ ಹಿಡಿಯುವುದು ಸಹಜ. ಅದಲ್ಲದೆ, ನಮ್ಮ ಮಂಗಳೂರಿನಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಉರುಳಿ ಫ್ಲ್ಯಾಟುಗಳಾಗುತ್ತಿರುವಾಗ ಅಟ್ಟದಿಂದ ಇಳಿದ ಸಾಮಾನುಗಳೆಲ್ಲ ಗುಜರಿ ಅಂಗಡಿಯ ದಾರಿ ಹಿಡಿಯುತ್ತವೆ. ತಾಮ್ರದ ಹಂಡೆಗೆ, ತೇಗದ ಬಾಗಿಲಿಗೆ ಗಿರಾಕಿಗಳಿದ್ದಾರೆ. ವಾಲ್ವು ರೇಡಿಯೋಗೆ ಆಗ ಯಾರೂ ಇರಲಿಲ್ಲ. ನನ್ನ ಮನೆಯಲ್ಲಿ ಈಗ ಏಳು ರೇಡಿಯೋಗಳಿವೆ. ಅವುಗಳಲ್ಲಿ ಮಾತಾಡುವವು ಮೂರು. ಮನೆಯವರು ಇದನ್ನು ನಿವೃತ್ತ ನೌಕರರ ಸಂಘ ಎಂದು ಕರೆಯುತ್ತಾರೆ.

ಓದುವ ಕ್ರಮವನ್ನು ಸ್ವಲ್ಪ ಹೇಳುತ್ತೇನೆ, ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇರಬಹುದು. ರೇಡಿಯೋದಲ್ಲಿ ಸಾಮಾನ್ಯವಾಗಿ ಎರಡು ನಂಬರುಗಳಿರುತ್ತವೆ. ಮಾದರಿಯ ನಂಬರು ಮನೆತನದ ಹೆಸರಿನಂತೆ. ಒಂದೇ ಬಗೆಯ ಸಾವಿರಾರು ಸೆಟ್ಟುಗಳಿಗೂ ಅದು ಒಂದೇ. ಸೀರಿಯಲ್ ನಂಬರು ಆ ಒಂದು ಸೆಟ್ಟಿನದು ಮಾತ್ರ. ಕಾರ್ಖಾನೆಯ ಸಾಲಿನಲ್ಲಿ ಅದು ಎಷ್ಟನೆಯದಾಗಿ ಹೊರಬಿತ್ತು ಎಂಬುದರ ಗುರುತು. ಒಂದೇ ಮಾದರಿಯ ನಾಲ್ಕಾರು ಸೆಟ್ಟುಗಳ ಸೀರಿಯಲ್ ನಂಬರು ಸಿಕ್ಕಿ, ಅವುಗಳಲ್ಲಿ ಒಂದೆರಡಕ್ಕೆ ಅಂಗಡಿಯ ರಸೀದಿಯೂ ಉಳಿದಿದ್ದರೆ, ಮಿಕ್ಕವುಗಳ ಕಾಲವನ್ನು ಅವುಗಳ ಹಿಂದೆ ಮುಂದೆ ಕೂರಿಸಬಹುದು. ಸಂಗ್ರಾಹಕರು ಪರಸ್ಪರ ನಂಬರು ಬರೆದುಕೊಳ್ಳುವುದು ಇದಕ್ಕಾಗಿ.

1950ರ ದಶಕದ ಫಿಲಿಪ್ಸ್ ಸೆಟ್ಟುಗಳಲ್ಲಿ ಮಾದರಿಯ ನಂಬರೇ ಅರ್ಧ ಕಥೆ ಹೇಳುತ್ತದೆ. 'ಬಿ 7 ಎಕ್ಸ್ 63 ಎ' ಎಂದಿದ್ದರೆ, ಬಿ ಎಂದರೆ ಮನೆಯಲ್ಲಿ ಮೇಜಿನ ಮೇಲಿಡುವ ಸೆಟ್ಟು. 7 ಅದರ ದರ್ಜೆ. ಎಕ್ಸ್ ಎಂದರೆ ಹಾಲೆಂಡಿನಲ್ಲಿ ತಯಾರಾದದ್ದು; ಜರ್ಮನಿಯದಾದರೆ ಅಲ್ಲಿ ಡಿ ಇರುತ್ತದೆ. ಆಮೇಲಿನ 6 ಇಸವಿಯ ಕೊನೆಯ ಅಂಕೆ, ಅಂದರೆ 1956. ತುದಿಯಲ್ಲಿ ಎ ಇದ್ದರೆ ಎ.ಸಿ. ಕರೆಂಟಿಗೆ, ಯು ಇದ್ದರೆ ಎ.ಸಿ., ಡಿ.ಸಿ. ಎರಡಕ್ಕೂ, ಬಿ ಇದ್ದರೆ ಬ್ಯಾಟರಿಗೆ. ಕರೆಂಟು ಬಾರದ ಊರುಗಳಲ್ಲಿ ಇಟ್ಟಿಗೆಗಿಂತ ದೊಡ್ಡ ಬ್ಯಾಟರಿಗಳನ್ನು ಕಟ್ಟಿ ರೇಡಿಯೋ ಕೇಳುತ್ತಿದ್ದ ಕಾಲವದು. ಅಮೆರಿಕದ ಸೆಟ್ಟುಗಳಲ್ಲಿ ಬಿಡಿಭಾಗಗಳ ಮೇಲೂ ಸಂಕೇತವಿರುತ್ತದೆ. ಸ್ಪೀಕರಿನ ಮೇಲೆ 220632 ಎಂದಿದ್ದರೆ, 220 ಎಂಬುದು ಜೆನ್ಸೆನ್ ಕಂಪೆನಿ, 6 ವರ್ಷದ ಕೊನೆಯ ಅಂಕೆ, 32 ಎಂದರೆ ಆ ವರ್ಷದ ಮೂವತ್ತೆರಡನೆಯ ವಾರ.

ಇಲ್ಲೊಂದು ತಮಾಷೆಯಿದೆ. ವಾರವನ್ನು ಕೂಡ ಹೇಳುವ ನಂಬರು ದಶಕವನ್ನು ಹೇಳುವುದಿಲ್ಲ! 6 ಎಂದರೆ 1946 ಆಗಬಹುದು, 1956 ಆಗಬಹುದು. ನಮ್ಮ ಕಡೆಯ ಹಿರಿಯರು "ದೊಡ್ಡ ನೆರೆ ಬಂದ ವರ್ಷ ಹುಟ್ಟಿದವ" ಎನ್ನುತ್ತಾರಲ್ಲ, ಹಾಗೆಯೇ ಇದೂ. ನೇತ್ರಾವತಿಯ ದೊಡ್ಡ ನೆರೆ 1923ರಲ್ಲೂ ಬಂದಿತ್ತು, 1974ರಲ್ಲೂ ಬಂದಿತ್ತು. ಯಾವ ನೆರೆ ಎಂದು ತಿಳಿಯಲು ಆ ಮನುಷ್ಯನ ಮುಖ ನೋಡಬೇಕು. ರೇಡಿಯೋದ ಮುಖವೆಂದರೆ ಅದರ ಡಯಲಿನ ಗಾಜು. ಅದರ ಮೇಲೆ ಊರುಗಳ ಹೆಸರು ಅಚ್ಚಾಗಿರುತ್ತದೆ. ಧಾರವಾಡದ ಹೆಸರಿದ್ದರೆ ಸೆಟ್ಟು 1950ಕ್ಕಿಂತ ಹಿಂದಿನದಾಗಿರಲಾರದು, ಏಕೆಂದರೆ ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದದ್ದೇ ಆ ವರ್ಷದ ಜನವರಿಯಲ್ಲಿ. ದೆಹಲಿ, ಮದರಾಸುಗಳ ಸಾಲಿನಲ್ಲೇ ಲಾಹೋರ್, ಪೇಶಾವರ, ಢಾಕಾ ಇದ್ದರೆ ದೇಶ ಒಡೆಯುವ ಮುಂಚಿನದೋ ಎಂದು ನೋಡಬೇಕು. 1947ರಲ್ಲಿ ಆಲ್ ಇಂಡಿಯಾ ರೇಡಿಯೋದ ಒಂಬತ್ತು ಕೇಂದ್ರಗಳಲ್ಲಿ ಈ ಮೂರು ಆಚೆಗೆ ಹೋದವು.

ಇಷ್ಟೆಲ್ಲ ಕೂಡಿಸಿ ಒಂದು ಇಸವಿ ಬರೆದಾಗ ಸಮಾಧಾನವಾಗುತ್ತದೆ ನಿಜ. ಆದರೆ ಅದು ಯಾವುದರ ಇಸವಿ? ನಮ್ಮ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ರೇಡಿಯೋದ ಒಳಗು ತುಕ್ಕು ಹಿಡಿಯುತ್ತದೆ, ಹೊರಗಿನ ಮರಕ್ಕೆ ಒರಲೆ ಹತ್ತುತ್ತದೆ. ವಾಲ್ವು ಬಲ್ಬಿನಂತೆ ಉರಿದು ಹೋಗುತ್ತದೆ, ಹೊಸದು ಹಾಕುತ್ತಾರೆ. ಕೆಪಾಸಿಟರು ಸೋರುತ್ತದೆ, ಬದಲಿಸುತ್ತಾರೆ. ಹಿಂದಿನ ಹಲಗೆ ಕಳೆದುಹೋಗಿ ಬೇರೆ ಸೆಟ್ಟಿನ ಹಲಗೆ ಬಂದು ಕೂತಿರುತ್ತದೆ. ಪೆಟ್ಟಿಗೆ 1955ರದು, ಹೊಟ್ಟೆ 1958ರದು, ಸ್ಪೀಕರು 1970ರದು. ಇದರ ವಯಸ್ಸೆಷ್ಟು? ಅಡುಗೆಮನೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ನಿನ್ನೆಯ ಮೊಸರಿನ ಹೆಪ್ಪು ಇಂದಿನ ಹಾಲಿಗೆ, ಇಂದಿನದು ನಾಳೆಗೆ. ಹಾಗಾದರೆ ನಮ್ಮ ಮನೆಯ ಮೊಸರಿಗೆ ಎಷ್ಟು ವರ್ಷ? ಜೀರ್ಣೋದ್ಧಾರವಾಗಿ ಗರ್ಭಗುಡಿಯ ಕಲ್ಲೇ ಬದಲಾದ ದೇವಸ್ಥಾನವನ್ನು ನಾವು ಹೊಸ ದೇವಸ್ಥಾನ ಎನ್ನುವುದಿಲ್ಲ. ಪೂಜೆ ನಡೆಯುತ್ತಾ ಬಂದಿದೆ ಎಂಬುದೇ ಅದರ ವಯಸ್ಸು. ಹಾಗೆ ನೋಡಿದರೆ ರೇಡಿಯೋದ ವಯಸ್ಸೂ ಅದನ್ನು ಕೇಳುತ್ತಾ ಬಂದವರ ಲೆಕ್ಕದಲ್ಲಿರಬೇಕು. ಆ ಲೆಕ್ಕ ಯಾವ ತಗಡಿನ ಮೇಲೂ ಇಲ್ಲ.

ಹಾಗೆಂದು ತಗಡಿನ ಮೇಲಿನ ಲೆಕ್ಕ ಹಗುರವೆಂದು ತಿಳಿಯಬಾರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕು ತಯಾರಿಸುತ್ತಿದೆ ಎಂದು ಮಿತ್ರರಾಷ್ಟ್ರಗಳಿಗೆ ತಿಳಿಯಬೇಕಿತ್ತು. 1942ರ ಆಗಸ್ಟ್ ತಿಂಗಳಿಗೆ ಬೇಹುಗಾರರು ಕೊಟ್ಟ ಅಂದಾಜು 1,550. ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಟ್ಯಾಂಕುಗಳ ಭಾಗಗಳ ಮೇಲಿನ ಸೀರಿಯಲ್ ನಂಬರುಗಳನ್ನು ಕೂಡಿಸಿ ಕಳೆದು 327 ಎಂದರು. ಯುದ್ಧ ಮುಗಿದು ಕಾರ್ಖಾನೆಯ ದಾಖಲೆ ಸಿಕ್ಕಾಗ ನಿಜವಾದ ಸಂಖ್ಯೆ 342. ಕಾರ್ಖಾನೆಯವರು ತಮ್ಮ ಅನುಕೂಲಕ್ಕೆ ಒತ್ತಿದ ಅಂಕೆ ಅವರ ಗುಟ್ಟನ್ನೇ ಹೊರಗೆ ಹಾಕಿತ್ತು. ಅಂಕೆ ಓದಬಲ್ಲವರ ಕೈಯಲ್ಲಿ ಒಂದು ಅಧಿಕಾರವಿದೆ ಎಂದು ನನಗೆ ಮನವರಿಕೆಯಾದದ್ದು ಈ ಸಂಗತಿ ಓದಿದಾಗ. ಶತ್ರುವಿನ ಮನೆಯ ಗುಟ್ಟಾದರೆ ಸರಿ. ನೆರೆಮನೆಯ ಅಜ್ಜಿಯದಾದರೆ?

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯ ಕೊನೆಯ ಹಂಚಿನ ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ತೀರ್ಮಾನವಾಗಿ, ಒಳಗಿನ ಸಾಮಾನುಗಳ ಪಾಲು ನಡೆಯುತ್ತಿತ್ತು. ಆ ಮನೆಯಲ್ಲಿ ಒಬ್ಬ ಅಜ್ಜಿ, ಗಂಡ ತೀರಿಹೋದವರು, ಒಬ್ಬಳೇ ಮಗಳು ಮುಂಬಯಿಯಲ್ಲಿ. ಪಾಲಿಗೆ ಬಂದವರು ಮೈದುನನ ಮಕ್ಕಳು. ಚಾವಡಿಯ ಮೂಲೆಯಲ್ಲಿ ಒಂದು ಫಿಲಿಪ್ಸ್ ರೇಡಿಯೋ ಇತ್ತು. ಪಾಲಿಶು ಮಾಡಿದ ಮರದ ಪೆಟ್ಟಿಗೆ, ದಂತದ ಬಣ್ಣದ ಗುಬ್ಬಿಗಳು, ಗೋಡೆಯಿಂದ ಗೋಡೆಗೆ ಕಟ್ಟಿದ ಜಾಲರಿಯ ಏರಿಯಲ್ಲು ಇನ್ನೂ ಹಾಗೆಯೇ ಇತ್ತು. ಅಷ್ಟರಲ್ಲಿ ಹಳೆಯ ರೇಡಿಯೋಗಳಿಗೆ ಬೆಂಗಳೂರಿನಲ್ಲಿ ಒಳ್ಳೆಯ ಬೆಲೆ ಬಂದಿತ್ತು. ಅದು ತನ್ನ ತವರಿನದು, ಪಾಲಿಗೆ ಸೇರುವುದಿಲ್ಲ ಎಂದು ಅಜ್ಜಿ ಹೇಳಿದರು. ಲೈಸೆನ್ಸಿನ ಪುಸ್ತಕ ಅಜ್ಜನ ಹೆಸರಿನಲ್ಲಿದೆ, ಆದ್ದರಿಂದ ಅದು ಮನೆಯದು ಎಂದು ಹುಡುಗರು ಹೇಳಿದರು.

ಈ ಲೈಸೆನ್ಸಿನ ವಿಷಯ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 1933ರ ಒಂದು ಕಾಯ್ದೆಯ ಪ್ರಕಾರ ರೇಡಿಯೋ ಇಟ್ಟುಕೊಳ್ಳುವುದಕ್ಕೆ ಸರಕಾರದ ಲೈಸೆನ್ಸು ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿ ಮೊಹರು ಹಾಕಿಸಿಕೊಂಡು ಬರಬೇಕು. 1970ರ ದಶಕದಲ್ಲಿ ಅದು ಹದಿನೈದು ರೂಪಾಯಿ. 1980ರ ದಶಕದಲ್ಲಿ ಈ ಪದ್ಧತಿ ಹೋಯಿತು. ನಾನು ನೋಡಿದ ಪುಸ್ತಕಗಳಲ್ಲಿ ಮಾಲಿಕರ ಹೆಸರು, ವಿಳಾಸ, ರೇಡಿಯೋದ ಕಂಪೆನಿ, ನಂಬರು ಎಲ್ಲ ಇವೆ. ಒಂದರಲ್ಲೂ ಹೆಂಗಸಿನ ಹೆಸರು ಕಂಡಿಲ್ಲ.

ಹುಡುಗರಲ್ಲಿ ದೊಡ್ಡವನು ಎಂಜಿನಿಯರು. ನನ್ನನ್ನು ಕರೆಯಲು ಬಂದ. "ಟೀಚರ್, ನೀವು ನಂಬರು ನೋಡಿ ವರ್ಷ ಹೇಳುತ್ತೀರಂತಲ್ಲ, ಒಮ್ಮೆ ಬಂದು ನೋಡಿ. ದೊಡ್ಡಮ್ಮನ ಮದುವೆಗೆ ಬಂದ ರೇಡಿಯೋ ಎಂದೇ ನಾವು ಸಣ್ಣಂದಿನಿಂದ ಕೇಳಿದ್ದು. ಮದುವೆಯಾದದ್ದು ಐವತ್ತನಾಲ್ಕರಲ್ಲಿ." ನಾನು ಹೋಗಿ ಹಲಗೆ ಬಿಚ್ಚಿದೆ. ಮಾದರಿಯ ನಂಬರಿನಲ್ಲಿ ಇಸವಿಯ ಅಂಕೆ 7. 1947 ಆಗಿರಲಾರದು, ಏಕೆಂದರೆ ಒಳಗಿದ್ದ ಒಂಬತ್ತು ಕಡ್ಡಿಯ ಸಣ್ಣ ವಾಲ್ವುಗಳು ಆಗ ಇರಲಿಲ್ಲ. 1967ಂತೂ ಅಲ್ಲ, ಲೈಸೆನ್ಸಿನ ಮೊದಲ ಮೊಹರು 1958ರದು. ಅಲ್ಲಿಗೆ 1957. ಹುಡುಗನ ಮುಖ ಅರಳಿತು. "ನೋಡಿದಿರಾ? ಮದುವೆಯಾಗಿ ಮೂರು ವರ್ಷದ ನಂತರದ್ದು. ಹಾಗಾದರೆ ದೊಡ್ಡಮ್ಮ ಹೇಳುವುದು ಸುಳ್ಳು."

"ನಂಬರು ಅಷ್ಟು ಹೇಳುವುದಿಲ್ಲಪ್ಪ," ಎಂದೆ. "ಇದು ತಯಾರಾದ ವರ್ಷ ಹೇಳುತ್ತದೆ. ಯಾರು ಹಣ ಕೊಟ್ಟರು ಎಂದು ಹೇಳುವುದಿಲ್ಲ. ಅದನ್ನು ಅವರನ್ನೇ ಕೇಳುವ."

ಅಜ್ಜಿ ಹಿತ್ತಲ ಜಗಲಿಯಲ್ಲಿ ತೆಂಗಿನ ಗರಿ ಸೀಳುತ್ತಿದ್ದರು. ಮದುವೆಗೆ ಬಂದ ರೇಡಿಯೋವೇ ಎಂದು ಕೇಳಿದಾಗ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಮದುವೆಗೆ ಬಂತು ಎಂದು ನಾನು ಯಾವಾಗ ಹೇಳಿದ್ದು ಟೀಚರ್? ತವರಿನದು ಎಂದೆ. ಮಗಳು ಹುಟ್ಟಿ, ಬಾಣಂತನ ಮುಗಿಸಿ ಬರುವಾಗ ಅಪ್ಪ ಕಳಿಸಿದ್ದು. ಈ ಮನೆಯಲ್ಲಿ ನನಗೆ ಮಾತಾಡಲಿಕ್ಕೆ ಜನ ಇಲ್ಲ ಎಂದು ಅಪ್ಪನಿಗೆ ಗೊತ್ತಾಗಿತ್ತು. ಅಂಚೆ ಕಚೇರಿಗೆ ಮಾವನವರು ಹೋದರು, ಅವರ ಹೆಸರು ಬರೆದರು. ನಾನು ಹೋಗಲಿಕ್ಕಾಗುತ್ತಿತ್ತಾ?" ಮಗಳು ಹುಟ್ಟಿದ್ದು 1957ರ ನವೆಂಬರಿನಲ್ಲಿ. ಲೈಸೆನ್ಸಿನ ಮೊಹರು ಮುಂದಿನ ಫೆಬ್ರವರಿಯದು.

ಎಲ್ಲ ಹೊಂದಿಬಂತು ಎಂದು ನಿಮಗೆ ಅನಿಸಬಹುದು. ನನಗೂ ಆಗ ಸಂತೋಷವಾಯಿತು. ಆದರೆ ಸಂತೋಷದಲ್ಲಿ ಲೆಕ್ಕ ತಪ್ಪಬಾರದು. ನಂಬರು ಅಜ್ಜಿಯ ಮಾತನ್ನು ಸಿದ್ಧಮಾಡಲಿಲ್ಲ. ಅದು ಅವರ ಮಾತಿಗೆ ಅಡ್ಡ ಬರಲಿಲ್ಲ, ಅಷ್ಟೆ. ಅಪ್ಪ ಕಳಿಸಿದ್ದು ಎಂಬುದಕ್ಕೆ ಆಧಾರ ಅವರ ಮಾತೊಂದೇ. ಮಾವನೇ ಆ ವರ್ಷ ಕೊಂಡುತಂದಿದ್ದರೂ ನಂಬರು, ಮೊಹರು ಇದೇ ಇರುತ್ತಿದ್ದವು. ಇಲ್ಲಿಗೆ ಬಂದಾಗ ಅಂಕೆ ಕೈಬಿಡುತ್ತದೆ. ಅಲ್ಲಿಂದ ಮುಂದೆ ಒಬ್ಬರ ಮಾತನ್ನು ನಂಬುವುದೋ ಬಿಡುವುದೋ ಎಂಬುದು ನಮ್ಮ ಹೊಣೆ. ನಾನು ಹುಡುಗರಿಗೆ ಹೇಳಿದ್ದು ಇಷ್ಟೇ: "ನಂಬರಿನ ಪ್ರಕಾರ 1957. ಮಿಕ್ಕದ್ದು ದೊಡ್ಡಮ್ಮ ಹೇಳಿದ್ದು. ಅವರು ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದ್ದು ನೆನಪಿದ್ದರೆ ನೀವೇ ಹೇಳಿ." ದೊಡ್ಡವನು ಮಾತಾಡಲಿಲ್ಲ. ಸಣ್ಣವನು ವಯರನ್ನು ಸುತ್ತಿ ರೇಡಿಯೋದ ಮೇಲಿಟ್ಟು, "ದೊಡ್ಡಮ್ಮನ ಸಾಮಾನಿನ ಜೊತೆ ಇಡಿ," ಎಂದ.

ಆ ಮನೆಯಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು "ಮದುವೆಗೆ ಬಂದ ರೇಡಿಯೋ" ಎಂಬ ಮಾತು ನಡೆದುಬಂದಿತ್ತು. ಯಾರೋ ಹೇಳಿದರು, ಯಾರೋ ಕೇಳಿದರು. ಅದರ ಒಡತಿ ಎದುರಿಗೇ ಓಡಾಡುತ್ತಿದ್ದರೂ ಒಬ್ಬರೂ ಅವರನ್ನು ಕೇಳಿರಲಿಲ್ಲ. ಕೊನೆಗೆ ಸಾಕ್ಷಿಗೆ ಕರೆದದ್ದೂ ತಗಡನ್ನು. ಇದು ಆ ಒಂದು ಮನೆಯ ಕಥೆ ಮಾತ್ರ ಎಂದು ನನಗೆ ಅನಿಸುವುದಿಲ್ಲ.

ರೇಡಿಯೋ ಇದ್ದದ್ದು ಚಾವಡಿಯಲ್ಲಿ. ಗುಬ್ಬಿ ತಿರುಗಿಸುತ್ತಿದ್ದವರು ಗಂಡಸರು. ವಾರ್ತೆ ಅವರಿಗೆ, ಬುಧವಾರ ರಾತ್ರಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಮನೆಯ ಹುಡುಗರಿಗೆ. 1952ರಲ್ಲಿ ಶುರುವಾದ ಆ ಕಾರ್ಯಕ್ರಮವನ್ನು ಹೆಂಗಸರು ಕೇಳಿದ್ದು ಅಡುಗೆಮನೆಯ ಬಾಗಿಲಿನ ಸಂದಿಯಿಂದ. ನಮ್ಮೂರಿಗೇ ಆಕಾಶವಾಣಿ ಬಂದದ್ದು 1976ರಲ್ಲಿ, ನಾನಾಗ ಸಣ್ಣ ಹುಡುಗಿ. ನಮ್ಮಮ್ಮ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ರೇಡಿಯೋದ ಗುಬ್ಬಿ ತಿರುಗಿಸುತ್ತಿದ್ದ ಅರ್ಧ ಗಂಟೆಯೊಂದಿತ್ತು. ವಾಲ್ವು ಬಿಸಿಯಾಗಿ ಸ್ವರ ಬರುವುದಕ್ಕೆ ಅರ್ಧ ನಿಮಿಷ ಬೇಕಲ್ಲ, ಅಷ್ಟು ಹೊತ್ತು ಅವರು ಏನೂ ಕೆಲಸ ಮಾಡದೆ ನಿಲ್ಲುತ್ತಿದ್ದರು. ಅಮ್ಮ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆ ಅರ್ಧ ನಿಮಿಷಕ್ಕೆ ಸೀರಿಯಲ್ ನಂಬರಿಲ್ಲ, ಲೈಸೆನ್ಸೂ ಇಲ್ಲ.

ಇಸವಿಯ ಮಾತು ಬಂದಾಗಲೆಲ್ಲ ನನಗೆ ನಮ್ಮ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರು ನೆನಪಾಗುತ್ತದೆ. ಪುಟ ತಿರುವಿದರೆ ಹುಟ್ಟಿದ ದಿನಾಂಕದ ಕಾಲಮ್ಮಿನಲ್ಲಿ ಸಾಲುಸಾಲಾಗಿ ಜೂನ್ 1. ಒಂದೇ ದಿನ ಊರಿನ ಅರ್ಧ ಮಕ್ಕಳು ಹುಟ್ಟಿದರೇ? ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ದಿನಾಂಕ ಗೊತ್ತಿರಲಿಲ್ಲ, ಮಾಸ್ಟ್ರು ಲೆಕ್ಕಕ್ಕೆ ಸರಿಯಾಗುವಂತೆ ಒಂದು ಬರೆದರು. ಜನನ ಮರಣ ನೋಂದಣಿಯ ಕೇಂದ್ರ ಕಾನೂನು ಬಂದದ್ದು 1969ರಲ್ಲಿ. ಅದು ಮನೆಮನೆಗೆ ಮುಟ್ಟಲು ಇನ್ನೂ ಬಹಳ ವರ್ಷ ಹಿಡಿಯಿತು. ಆ ಜೂನ್ 1ರ ಮೇಲೆ ಜನ ನೌಕರಿಗೆ ಸೇರಿದರು, ನಿವೃತ್ತರಾದರು. ನಾನು ನೋಡಿಕೊಳ್ಳುವ ಒಂದು ರೇಡಿಯೋದ ವಾರ ಗೊತ್ತು. ನನ್ನ ಅಜ್ಜಿ ಹುಟ್ಟಿದ ವರ್ಷ ನನಗೆ ಗೊತ್ತಿಲ್ಲ. ಮಾರಾಟದ ವಸ್ತುವಿಗೆ ನಂಬರು ಬೇಕು, ಕಾರ್ಖಾನೆಗೆ ಲೆಕ್ಕ ಬೇಕು. ಮಾರದ ವಸ್ತುವಿನ ಲೆಕ್ಕ ಇಡುವವರು ಯಾರು? ಇದ್ದವರೇ ಬಾಯಲ್ಲಿ ಹೇಳಿಕೊಂಡು ಬರಬೇಕು.

ಇಷ್ಟು ಹೇಳಿದರೆ, ಹಾಗಾದರೆ ಮನೆಯ ಕಥೆಯೇ ದೊಡ್ಡದು, ನಂಬರನ್ನು ಬದಿಗಿಡಿ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಅದು ನನ್ನಿಂದಾಗದು. ಇನ್ನೊಂದು ಘಟನೆ ಹೇಳುತ್ತೇನೆ.

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಮಾಸ್ಟ್ರೊಬ್ಬರ ಮನೆಯಲ್ಲಿ ಒಂದು ಮರ್ಫಿ ಸೆಟ್ಟಿತ್ತು. 1947ರ ಆಗಸ್ಟ್ 14ರ ಮಧ್ಯರಾತ್ರಿ ನೆಹರೂ ಮಾಡಿದ ಭಾಷಣವನ್ನು ತಮ್ಮ ತಂದೆ ಇದೇ ಪೆಟ್ಟಿಗೆಯಲ್ಲಿ ಕೇಳಿದರು ಎಂದು ಅವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಡಯಲಿನ ಗಾಜಿನ ಮೇಲೆ ಧಾರವಾಡ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಕಂಡು ನಾನು ಸುಮ್ಮನಿದ್ದೆ, ಏಕೆಂದರೆ ಅವರು ನನ್ನನ್ನು ಏನೂ ಕೇಳಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವರೇ ಕೇಳಿದರು. "ಟೀಚರ್, ಇದರ ಸರಿಯಾದ ಇಸವಿ ಹೇಳಿ, ಒಂದು ಚೀಟಿ ಬರೆದು ಅಂಟಿಸುತ್ತೇನೆ." ಒಳಗಿನ ಕೆಪಾಸಿಟರಿನ ಮೇಲೆ 1955 ಎಂದಿತ್ತು. ನಾನು ಅದನ್ನೇ ಹೇಳಿದೆ, ಡಯಲನ್ನೂ ತೋರಿಸಿದೆ. ವರ್ಷಗಟ್ಟಲೆ ಅದೇ ಗಾಜನ್ನು ಒರೆಸಿದವರು ಮೊದಲ ಸಲ ಅದನ್ನು ಓದಿದರು. "ಹಾಗಾದರೆ ಅಪ್ಪ ಕೇಳಿದ್ದು ಯಾವುದರಲ್ಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಆ ರೇಡಿಯೋದ ಮೇಲೊಂದು ಬಟ್ಟೆ ಹೊದಿಸಿದೆ. ಬಂದವರಿಗೆ ಅದನ್ನು ಯಾರೂ ತೋರಿಸುವುದಿಲ್ಲ.

"ಸತ್ಯವನ್ನು ಹೇಳಿ ಒಂದು ಮನೆಯ ದೀಪ ಆರಿಸಿದೆಯಲ್ಲ," ಎಂದು ನನ್ನ ಅಕ್ಕ ಬೈದರು. ಅವರ ವಾದ ಇದು: ಆ ಕಥೆಯಿಂದ ಯಾರಿಗೂ ನಷ್ಟವಿರಲಿಲ್ಲ, ಪ್ರಿಯವಲ್ಲದ ಸತ್ಯವನ್ನು ಹೇಳಬಾರದೆಂದು ಹಿರಿಯರೇ ಹೇಳಿದ್ದಾರೆ, ಐವತ್ತರ ಸುಮಾರಿನದು, ನಲವತ್ತೇಳೂ ಆಗಿರಬಹುದು ಎಂದು ತೇಲಿಸಿಬಿಡಬಹುದಿತ್ತು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಕೇಳದೆ ಹೇಳುವುದು ಒಂದು, ಕೇಳಿದಾಗ ಮರೆಮಾಡುವುದು ಇನ್ನೊಂದು. ಅವರು ಚೀಟಿ ಬರೆದು ಅಂಟಿಸುವವರಿದ್ದರು. ಮೊಮ್ಮಕ್ಕಳು ಅದನ್ನು ನಂಬುತ್ತಿದ್ದರು. ಮುಂದೊಂದು ದಿನ ಅವರಲ್ಲೊಬ್ಬರು ಡಯಲು ಓದಿದರೆ, ಅಜ್ಜ ಹೇಳಿದ ಮಿಕ್ಕ ಮಾತುಗಳನ್ನೂ ಅನುಮಾನಿಸುತ್ತಿದ್ದರು. ತಂದೆ ಭಾಷಣ ಕೇಳಿದ್ದು ಸುಳ್ಳೆಂದು ಆ ಧಾರವಾಡದ ಹೆಸರು ಹೇಳುವುದಿಲ್ಲ. ಆಗ ಮನೆಮನೆಗೆ ರೇಡಿಯೋ ಎಲ್ಲಿತ್ತು? ಇದ್ದವರ ಅಂಗಳದಲ್ಲಿ ಊರು ಸೇರುತ್ತಿತ್ತು. ಬೇರೆಯವರ ಅಂಗಳದಲ್ಲಿ ನಡುರಾತ್ರಿಯ ತನಕ ನಿಂತು ಕೇಳಿದ ಒಬ್ಬ ಬಡ ಮನುಷ್ಯನ ಕಥೆ, ಚಾವಡಿಯಲ್ಲಿ ಕೂತು ಸ್ವಂತ ರೇಡಿಯೋ ಕೇಳಿದವನ ಕಥೆಗಿಂತ ಯಾವ ಲೆಕ್ಕದಲ್ಲಿ ಕಡಿಮೆ? ಹಾಗೆ ನಡೆದಿತ್ತೆಂದು ನಾನು ಹೇಳಲಾರೆ. ಆದರೆ ಬಟ್ಟೆ ಹೊದಿಸಿದ್ದು ನಂಬರಿನ ತಪ್ಪಲ್ಲ. ಕಥೆ ಪೆಟ್ಟಿಗೆಗೇ ಅಂಟಿಕೊಂಡಿರಬೇಕೆಂಬ ನಮ್ಮ ಹಟ ಅದು.

ಹಟವಿಲ್ಲದೆಯೂ ಬಾಳಬಹುದು ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. ಕದ್ರಿ ದೇವಸ್ಥಾನಕ್ಕೆ ಹೋದವರೆಲ್ಲ ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿರುತ್ತೀರಿ. ಅದರ ಪೀಠದಲ್ಲಿ ಶಾಸನವಿದೆ. ಆಳುಪ ದೊರೆ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿಸಿದ್ದು 968ರಲ್ಲಿ ಎಂದು ಅದರಿಂದ ತಿಳಿದಿದೆ. ಲೋಕೇಶ್ವರ ಬೌದ್ಧರ ಬೋಧಿಸತ್ವ. ಅವನಿರುವುದು ಈಗ ಮಂಜುನಾಥನ ಸನ್ನಿಧಿಯಲ್ಲಿ. ವಿದ್ವಾಂಸರು ಶಾಸನ ಓದಿ ಪುಸ್ತಕ ಬರೆದರು. ಭಕ್ತರು ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾಗಲಿಲ್ಲ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಕವಿಗಳ, ರಾಜರ, ಬುದ್ಧನ ಕಾಲವನ್ನು ನಿರ್ಣಯಿಸಲು ವರ್ಷಗಟ್ಟಲೆ ಲೆಕ್ಕ ಹಾಕಿದರು; ಕವಿತೆಯನ್ನೂ ಬರೆದರು. ಇಸವಿ ಹುಡುಕುವ ಕೈಗೆ ಹೃದಯವಿಲ್ಲವೆಂದು ಹೇಳುವವರು ಅವರನ್ನು ನೆನೆಯಬೇಕು.

ಇಷ್ಟು ವರ್ಷದ ಅನುಭವದಲ್ಲಿ ನಾನು ಹಾಕಿಕೊಂಡ ಕಟ್ಟಳೆ ಇಷ್ಟು. ಯಾರಾದರೂ ಮೋಸಹೋಗುವ ಸಂದರ್ಭವಿದ್ದರೆ ಕೇಳದಿದ್ದರೂ ಹೇಳಬೇಕು. "ಬ್ರಿಟಿಷರ ಕಾಲದ್ದು" ಎಂದು 1960ರ ಸೆಟ್ಟಿಗೆ ಮೂರು ಪಟ್ಟು ಬೆಲೆ ಹೇಳುವ ಅಂಗಡಿಯಲ್ಲಿ, ಬೇರೆ ಸೆಟ್ಟಿನ ಹಲಗೆ ಜೋಡಿಸಿ ಮಾರುವಲ್ಲಿ ಸುಮ್ಮನಿರುವುದು ಪಾಲುದಾರರಾದಂತೆ. ಮೋಸವಿಲ್ಲದ ಮನೆಯ ಮಾತಿನಲ್ಲಿ ಕೇಳುವ ತನಕ ಕಾಯಬೇಕು. ಕೇಳಿದರೆ ಇದ್ದದ್ದನ್ನೇ ಹೇಳಬೇಕು, ಅಂಕೆ ಹೇಳುವಷ್ಟನ್ನು ಮಾತ್ರ ಹೇಳಬೇಕು. ಅಂಕೆಯ ಹೆಸರಿನಲ್ಲಿ ನಮ್ಮ ಊಹೆಯನ್ನು ಸೇರಿಸಬಾರದು. ಮತ್ತು, ಹಲಗೆ ಬಿಚ್ಚುವ ಮೊದಲು ಆ ರೇಡಿಯೋದ ಮುಂದೆ ಬಾಳಿದವರು ಯಾರಾದರೂ ಬದುಕಿದ್ದರೆ ಅವರ ಹತ್ತಿರ ಕೂತು ಕೇಳಬೇಕು.

ಈಗ ನಾನು ಇಟ್ಟುಕೊಂಡಿರುವ ನೋಟುಪುಸ್ತಕದಲ್ಲಿ ಪ್ರತಿ ರೇಡಿಯೋಗೂ ಎರಡು ಪುಟ. ಎಡಗಡೆ ಮಾದರಿ, ಸೀರಿಯಲ್ ನಂಬರು, ವಾಲ್ವುಗಳು, ಇಸವಿ. ಬಲಗಡೆ ಯಾರ ಮನೆಯದು, ಯಾರು ತಂದರು, ಯಾರು ಕೇಳುತ್ತಿದ್ದರು, ಯಾವ ಹೊತ್ತಿಗೆ. ಎಡಗಡೆಯ ಪುಟಗಳು ತುಂಬಿವೆ. ಬಲಗಡೆಯವು ಹೆಚ್ಚಿನವು ಖಾಲಿ. ನಿಮ್ಮ ಮನೆಯಲ್ಲಿ ಒಂದು ಹಳೆಯ ರೇಡಿಯೋ ಇದ್ದು, ಅದನ್ನು ಕೇಳಿದ ಒಬ್ಬ ಅಜ್ಜಿಯೋ ಅತ್ತೆಯೋ ಇದ್ದರೆ ಬಲಗಡೆಯ ಪುಟದಿಂದ ಶುರುಮಾಡಿ. ತಗಡಿನ ಮೇಲಿನ ಅಂಕೆ ಇನ್ನೂ ಐವತ್ತು ವರ್ಷ ಅಲ್ಲೇ ಇರುತ್ತದೆ, ಅದಕ್ಕೆ ಅವಸರವಿಲ್ಲ.